ಪತ್ತನಾಜೆಗೆ ಮೊದಲು ಸೂರಿನ ದಂಬೆ ಒಮ್ಮೆ ಹತ್ತಿ ನೋಡಿ

ನಮ್ಮ ಪುತ್ತೂರು, ಸುಳ್ಯದ ಕಡೆ ಮೇ ತಿಂಗಳು ಅಂದರೆ ಮೈತುಂಬಾ ಕೆಲಸ. ಕಟ್ಟಿಗೆ ಒಳಗೆ ಹಾಕಬೇಕು, ಹಪ್ಪಳ ಸಂಡಿಗೆ ಒಣಗಿಸಬೇಕು, ತೋಟದ ಕಣಿ (ನೀರು ಹರಿಯುವ ಕಾಲುವೆ) ಬಿಡಿಸಬೇಕು, ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವವರು ಯಾವಾಗ ಸಿಗುತ್ತಾರೆ ಅಂತ ದಿನಾ ಫೋನು ಮಾಡಬೇಕು. ಇಷ್ಟರ ನಡುವೆ ಸೂರಿನ ದಂಬೆ ಯಾರಿಗೂ ನೆನಪಾಗುವುದಿಲ್ಲ. ಮೊದಲ ಜೋರು ಮಳೆಗೆ ನೀರು ಪೈಪಿನಲ್ಲಿ ಇಳಿಯುವುದು ಬಿಟ್ಟು ಜಗಲಿ ಮೇಲೆ ಸುರಿದಾಗ ನೆನಪಾಗುತ್ತದೆ. ಆಗ ಹತ್ತುವುದಕ್ಕೆ ಹೋದರೆ ಹಂಚು ಜಾರುತ್ತದೆ, ಏಣಿ ಜಾರುತ್ತದೆ.

ದಂಬೆ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದರೆ ನೀರು ಹರಿಯುವ ಒಂದು ಕಾಲುವೆ ಸಿಗುತ್ತದೆ. ಅದನ್ನು ಮಾಡಿನ (ಛಾವಣಿಯ) ಅಂಚಿಗೆ ಕಟ್ಟಿದರೆ ಹಂಚಿನಿಂದ ಇಳಿದ ನೀರು ಅಂಗಳಕ್ಕೆ ಬೀಳದೆ ಒಂದು ಮೂಲೆಗೆ ಹೋಗುತ್ತದೆ. ಈಗ ಹೆಚ್ಚಿನ ಮನೆಗಳಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿನದ್ದು ಅಥವಾ ಪಿವಿಸಿಯದ್ದು ಇರುತ್ತದೆ, ಅಂಗಡಿಯಲ್ಲಿ ಗಟರ್ ಅಂತ ಕೇಳಬೇಕು. ಮನೆಯಲ್ಲಿ ಮಾತಿಗೆ ಎಲ್ಲವೂ ದಂಬೆಯೇ. ಈ ಲೇಖನದಲ್ಲೂ ಹಾಗೇ ಬರೆಯುತ್ತೇನೆ.

ಅದಕ್ಕೆ ಇಷ್ಟು ಮಹತ್ವ ಯಾಕೆ ಅಂತ ಕೇಳಿದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಡಿನ ಒಂದು ಬದಿ 30 ಅಡಿ ಉದ್ದ, 15 ಅಡಿ ಅಗಲ ಇದೆ ಅಂತಿಟ್ಟುಕೊಳ್ಳಿ, ಅದು ಸುಮಾರು 42 ಚದರ ಮೀಟರ್. ಗಂಟೆಗೆ 60 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಹೊಡೆದರೆ ಆ ಒಂದೇ ಬದಿಯ ದಂಬೆಗೆ ನಿಮಿಷಕ್ಕೆ 42 ಲೀಟರ್, ಅಂದರೆ ಹತ್ತಿರ ಹತ್ತಿರ ಮೂರು ಬಕೆಟ್ ನೀರು ಬರುತ್ತದೆ. ಪೈಪಿನ ಬಾಯಿಗೆ ಒಂದು ಹಿಡಿ ಎಲೆ ಕಟ್ಟಿದರೆ ಈ ಮೂರು ಬಕೆಟ್ ಎಲ್ಲಿಗೆ ಹೋಗಬೇಕು? ಮುಂದಕ್ಕೆ ತುಳುಕಿದರೆ ಪಂಚಾಂಗದ (ಮನೆಯ ಅಡಿಪಾಯದ) ಬುಡದ ಮಣ್ಣು ಕೊರೆಯುತ್ತದೆ. ಹಿಂದಕ್ಕೆ ತುಳುಕಿದರೆ ಪಕ್ಕಾಸಿನ (ಮಾಡು ಹೊರುವ ಇಳಿಜಾರು ಮರದ) ತುದಿ ನೆನೆಯುತ್ತದೆ, ಗೋಡೆಗೆ ಇಳಿಯುತ್ತದೆ. ಮಣ್ಣಿನ ಗೋಡೆಯ ಹಳೆ ಮನೆಯಾದರೆ ಕೇಳುವುದೇ ಬೇಡ.

ಯಾವಾಗ ಮಾಡಬೇಕು?

ಇದರಲ್ಲಿಯೇ ಜಾಸ್ತಿ ಜನ ತಪ್ಪುವುದು. ನಮ್ಮ ಮನೆಯಲ್ಲೂ ತಪ್ಪಿದ್ದೇವೆ. ಒಂದು ವರ್ಷ ವಿಷುವಿನ ಆಸುಪಾಸಿನಲ್ಲೇ, ಅಂದರೆ ಏಪ್ರಿಲ್ ನಡುವಿನಲ್ಲಿ, ಎಲ್ಲಾ ದಂಬೆ ತೊಳೆದು ಚೊಕ್ಕ ಮಾಡಿದ್ದೆ. ಇನ್ನು ಚಿಂತೆ ಇಲ್ಲ ಅಂದುಕೊಂಡೆ. ಆಮೇಲೆ ಮೇ ತಿಂಗಳಲ್ಲಿ ಸಂಜೆ ಹೊತ್ತು ಗುಡುಗು ಗಾಳಿಯ ಮಳೆ ನಾಲ್ಕೈದು ಸಲ ಬಂತು. ಆ ಗಾಳಿಗೆ ಹಲಸಿನ ಎಲೆ, ಅಡಿಕೆಯ ಹಿಂಗಾರ (ಹೂಗೊಂಚಲು), ಒಣಗಿದ ಸೋಗೆ ಚೂರು ಎಲ್ಲಾ ಮಾಡಿಗೆ ಬಿದ್ದು, ಅಲ್ಲಿಂದ ಜಾರಿ ದಂಬೆಗೆ ಬಂದು ಕೂತಿತು. ನಾನು ಮತ್ತೆ ಹತ್ತಿ ನೋಡಲಿಲ್ಲ. ಜೂನ್ ಎರಡನೇ ವಾರ ಒಂದು ರಾತ್ರಿ ಮಳೆ ಬಿಡದೆ ಹೊಡೆಯುತ್ತಿತ್ತು. ಅಮ್ಮ ಎದ್ದು ಬಂದು, 'ಮಗಾ, ಮೂಲೆ ಪೈಪಿನ ಸದ್ದು ಕೇಳುವುದಿಲ್ಲ ನೋಡು' ಅಂದರು. ಟಾರ್ಚ್ ಹಿಡಿದು ಹೋಗಿ ನೋಡಿದರೆ ಪೈಪಿನಲ್ಲಿ ಹನಿ ನೀರಿಲ್ಲ, ಉಗ್ರಾಣದ ಗೋಡೆ ಮೇಲಿಂದ ಕೆಳಗಿನವರೆಗೆ ಕಪ್ಪಗೆ ನೆನೆದಿತ್ತು. ಎರಡು ಮೂಟೆ ಅಕ್ಕಿ ಹಾಳಾಯಿತು. ಆ ಗೋಡೆಯ ಗಾರೆ ದೀಪಾವಳಿಯವರೆಗೂ ಸರಿಯಾಗಿ ಒಣಗಲಿಲ್ಲ.

ಹಾಗಾಗಿ ನಾನು ಈಗ ಪಾಲಿಸುವ ಲೆಕ್ಕ ಇದು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಸಾಧಾರಣ ಮೇ 24 ಅಥವಾ 25ಕ್ಕೆ ಬರುತ್ತದೆ. ಕೋಲ, ಜಾತ್ರೆ, ಯಕ್ಷಗಾನದ ತಿರುಗಾಟ ಎಲ್ಲಾ ಅಲ್ಲಿಗೆ ನಿಲ್ಲುತ್ತದೆ. ಮುಂಗಾರು ನಮ್ಮ ಕರಾವಳಿಗೆ ಬರುವುದು ಹೆಚ್ಚಾಗಿ ಜೂನ್ ಮೊದಲ ವಾರ. ಪತ್ತನಾಜೆಗೆ ಮೊದಲಿನ ನಾಲ್ಕೈದು ದಿನದಲ್ಲಿ ದಂಬೆ ಬಿಡಿಸಿದರೆ ಗಾಳಿ ಮಳೆಯ ಕಸ ಮುಕ್ಕಾಲು ಪಾಲು ಬಿದ್ದು ಆಗಿರುತ್ತದೆ, ದೊಡ್ಡ ಮಳೆ ಇನ್ನೂ ಬಂದಿರುವುದಿಲ್ಲ. ಆಮೇಲೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಬಿಟ್ಟ ದಿನ ಒಮ್ಮೆ, ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಒಮ್ಮೆ. ವರ್ಷಕ್ಕೆ ಮೂರು ಸಲ. ತಗಡು, ಜಾಯಿಂಟ್ ರಿಪೇರಿ ಇದ್ದರೆ ಮಾತ್ರ ಮೇ ತಿಂಗಳ ಮೊದಲ ವಾರದಲ್ಲೇ ಮುಗಿಸಿಕೊಳ್ಳಿ, ಯಾಕೆಂದರೆ ಅಂಟು ಹಿಡಿಯಲು ಒಣ ಹವೆ ಬೇಕು. ಆ ಸಮಯಕ್ಕೆ ಮೇಸ್ತ್ರಿಗಳೂ ಸಿಗುತ್ತಾರೆ.

ಏಣಿ ಇಡುವ ಮೊದಲು

ಒಬ್ಬರೇ ಹತ್ತಬೇಡಿ. ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲೇಬೇಕು, ಸುಮ್ನೆ ಹೇಳುತ್ತಿಲ್ಲ. ಏಣಿಯ ತುದಿ 12 ಅಡಿ ಎತ್ತರದಲ್ಲಿ ತಾಗಿದರೆ ಬುಡ ಗೋಡೆಯಿಂದ 3 ಅಡಿ ದೂರ ಇರಬೇಕು, ನಾಲ್ಕಕ್ಕೆ ಒಂದು ಅನ್ನುವ ಲೆಕ್ಕ. ಅದಕ್ಕಿಂತ ಹತ್ತಿರ ಇಟ್ಟರೆ ಹಿಂದಕ್ಕೆ ಬೀಳುತ್ತದೆ, ದೂರ ಇಟ್ಟರೆ ಬುಡ ಜಾರುತ್ತದೆ. ಅಂಗಳಕ್ಕೆ ಸಗಣಿ ಸಾರಿಸಿದ್ದರೆ ಅಥವಾ ಪಾಚಿ ಇದ್ದರೆ ಬುಡಕ್ಕೆ ಗೋಣಿ ಹಾಕಿ. ಏಣಿಯನ್ನು ದಂಬೆಗೆ ಒರಗಿಸಲೇಬೇಡಿ. ಪಿವಿಸಿಯದ್ದಾದರೆ ಒಡೆಯುತ್ತದೆ, ತಗಡಿನದ್ದಾದರೆ ಅಲ್ಲೇ ತಗ್ಗಾಗಿ ಆಮೇಲೆ ನೀರು ನಿಲ್ಲುತ್ತದೆ. ಗೋಡೆಗೋ ಗಟ್ಟಿ ಪಕ್ಕಾಸಿಗೋ ಒರಗಿಸಿ, ಹಗ್ಗದಿಂದ ಒಂದು ಸುತ್ತು ಕಟ್ಟಿ.

ಕರೆಂಟಿನ ವಿಷಯ ದಯವಿಟ್ಟು ಗಮನವಿಟ್ಟು ಓದಿ. ಹೆಚ್ಚಿನ ಮನೆಗಳಲ್ಲಿ ಕಂಬದಿಂದ ಬರುವ ಸರ್ವಿಸ್ ವಯರು ಸೂರಿನ ಹತ್ತಿರವೇ ಮನೆಗೆ ಸೇರುತ್ತದೆ. ಈಗ ಎಲ್ಲರ ಮನೆಯಲ್ಲೂ ಅಲ್ಯೂಮಿನಿಯಂ ಏಣಿ, ಅಲ್ಯೂಮಿನಿಯಂ ದೋಟಿ ಇದೆ. ಎತ್ತುವಾಗ ತುದಿ ಎಲ್ಲಿಗೆ ತಾಗುತ್ತದೆ ಅಂತ ಕೆಳಗಿದ್ದವರಿಗೆ ಗೊತ್ತಾಗುವುದಿಲ್ಲ. ವಯರು ಇರುವ ಬದಿಗೆ ಬಿದಿರಿನ ಏಣಿ ತನ್ನಿ, ಅದು ಒಣಗಿದ್ದೇ ಆಗಿರಲಿ. ವಯರಿನ ತೀರಾ ಹತ್ತಿರ ಕೆಲಸ ಇದ್ದರೆ ಲೈನ್‌ಮ್ಯಾನಿಗೆ ಹೇಳಿ ಲೈನು ತೆಗೆಸಿದ ಮೇಲೆಯೇ ಹತ್ತಿ. ಮನೆಯ ಮೈನ್ ಸ್ವಿಚ್ ಆಫ್ ಮಾಡಿದರೆ ಹೊರಗಿನ ಸರ್ವಿಸ್ ವಯರಿನ ಕರೆಂಟು ಹೋಗುವುದಿಲ್ಲ.

ಹಂಚಿನ ಮೇಲೆ ಕಾಲಿಡುವುದು ಆದಷ್ಟು ತಪ್ಪಿಸಿ. ಮಂಗಳೂರು ಹಂಚು ಗಟ್ಟಿಯೇ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ಶುರು ಮಾಡಿದ ಕಾಲದಿಂದ ಇದು ನಮ್ಮ ಮಳೆ ತಡೆದುಕೊಂಡು ಬಂದಿದೆ. ಆದರೆ ಹಳೆ ಹಂಚಿನ ನಟ್ಟ ನಡುವೆ ಭಾರ ಬಿದ್ದರೆ ಬಿರುಕು ಬಿಡುತ್ತದೆ, ಆ ಬಿರುಕು ಕಣ್ಣಿಗೆ ಕಾಣುವುದು ಮಳೆ ಬಂದಾಗ. ಹತ್ತಲೇಬೇಕು ಅಂದರೆ ಕೆಳಗೆ ರೀಪು (ಹಂಚು ಕೂರುವ ಮರದ ಪಟ್ಟಿ) ಇರುವ ಕಡೆ, ಅಂದರೆ ಒಂದು ಹಂಚಿನ ಮೇಲೆ ಇನ್ನೊಂದು ಕೂತ ಜಾಗದಲ್ಲಿ ಕಾಲಿಡಿ. ಆಸ್ಬೆಸ್ಟಾಸ್ ಶೀಟಿನ ಮಾಡಾದರೆ ಕಾಲಿಡಲೇಬೇಡಿ, ಒಣಗಿದ್ದಾಗ ಬ್ರಷ್ ಹಾಕಿ ಉಜ್ಜಲೂ ಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ.

ಕಸ ತೆಗೆಯುವುದು

ಬೇಕಾಗುವ ಸಾಮಾನು ಎಲ್ಲಾ ಮನೆಯಲ್ಲೇ ಇದೆ. ರಬ್ಬರ್ ಗ್ಲೌಸು, ಒಂದು ಬಕೆಟ್ಟು, ಅದನ್ನು ಏಣಿಗೆ ನೇತು ಹಾಕಲು ಒಂದು ಕೊಕ್ಕೆ, ಹಿಡಿಸೂಡಿ (ಕಡ್ಡಿ ಪೊರಕೆ), ನೀರಿನ ಪೈಪು. ಬಾಚಲು ನಾನು ಅಡಿಕೆ ಹಾಳೆ ಬಳಸುತ್ತೇನೆ. ಹಾಳೆಯನ್ನು ಅಂಗೈ ಅಗಲಕ್ಕೆ, ಒಂದು ಗೇಣು ಉದ್ದಕ್ಕೆ ಕತ್ತರಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ದಂಬೆಯ ಆಕಾರಕ್ಕೆ ಬಗ್ಗುತ್ತದೆ, ತಗಡಿನ ಮೇಲಿನ ಸತು ಕೆರೆದು ಹೋಗುವುದಿಲ್ಲ. ಕಬ್ಬಿಣದ ಕರಣೆ ಹಾಕಿ ಕೆರೆದ ಜಾಗದಲ್ಲೇ ಮುಂದಿನ ವರ್ಷ ತುಕ್ಕು ಶುರುವಾಗುತ್ತದೆ, ಇದನ್ನು ನಾನೇ ನೋಡಿದ್ದೇನೆ.

ಕೈ ಹಾಕುವ ಮೊದಲು ಕೋಲಿನಿಂದ ಒಮ್ಮೆ ತಟ್ಟಿ. ಕೊಳೆತ ಎಲೆಯ ಅಡಿಯಲ್ಲಿ ಚೇಳು, ಶತಪದಿ ಇರುತ್ತವೆ, ಸೂರಿನ ಅಡಿಯಲ್ಲಿ ಕಣಜದ ಗೂಡು ಇರುತ್ತದೆ. ಪೈಪಿನ ಬಾಯಿಯ ಹತ್ತಿರದಿಂದ ಶುರು ಮಾಡಿ ದೂರದ ತುದಿಯ ಕಡೆ ಹೋಗಿ. ಕಸವನ್ನು ಪೈಪಿನ ಕಡೆ ತಳ್ಳಬೇಡಿ, ಎತ್ತಿ ಬಕೆಟಿಗೆ ಹಾಕಿ. ಅದು ಒಳ್ಳೆ ಗೊಬ್ಬರ, ಮಲ್ಲಿಗೆ ಗಿಡದ ಬುಡಕ್ಕೆ ಹಾಕಬಹುದು. ಹಕ್ಕಿ ಹಿಕ್ಕೆಯಿಂದ ಬಂದ ಅಶ್ವತ್ಥ, ಗೋಳಿ ಸಸಿ ಚಿಗುರಿದ್ದರೆ ಬೇರು ಸಮೇತ ಈಗಲೇ ಕೀಳಿ. ಬೇರು ಜಾಯಿಂಟಿನ ಒಳಗೆ ಇಳಿದ ಮೇಲೆ ಕಿತ್ತರೆ ಜಾಯಿಂಟೂ ಕಿತ್ತು ಬರುತ್ತದೆ.

ಎರಡು ಮಾಡು ಸೇರುವ ಒಳಮೂಲೆಯ ತಗಡನ್ನು ಮರೆಯಬೇಡಿ. ಎರಡೂ ಬದಿಯ ನೀರು, ಎರಡೂ ಬದಿಯ ಕಸ ಅಲ್ಲೇ ಇಳಿಯುವುದು. ನಾನು ನೋಡಿದ ಸೋರುವ ಮನೆಗಳಲ್ಲಿ ಹೆಚ್ಚಿನವು ಸೋರುತ್ತಿದ್ದದ್ದು ಈ ಮೂಲೆಯಲ್ಲೇ. ಅಂಚಿನ ತುಂಡು ಹಂಚುಗಳ ಅಡಿಗೆ ಕೈ ಹಾಕಿ ಒಳಗೆ ಸಿಕ್ಕಿದ ಎಲೆ ತೆಗೆಯಿರಿ.

ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ. ಬೇಡ. ತಗಡನ್ನು ತಿನ್ನುತ್ತದೆ, ಆ ನೀರು ಕೊನೆಗೆ ಬಾವಿಗೋ ತೋಟಕ್ಕೋ ಹೋಗುತ್ತದೆ. ನಾರಿನ ಬ್ರಷ್, ನೀರು, ಸ್ವಲ್ಪ ತೋಳಿನ ಬಲ ಸಾಕು.

ನೀರು ಬಿಟ್ಟು ನೋಡಿ

ಕಸ ತೆಗೆದು ಇಳಿದುಬಿಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ನೀರು ಬಿಟ್ಟು ನೋಡದೆ ಏಣಿ ತೆಗೆಯಬೇಡಿ, ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಪೈಪಿನಿಂದ ಅತಿ ದೂರದ ತುದಿಯಲ್ಲಿ ಎರಡು ಬಕೆಟ್ ನೀರನ್ನು ಒಂದೇ ಸಲಕ್ಕೆ ಸುರಿಯಿರಿ. ಸಣ್ಣಗೆ ಪೈಪು ಬಿಟ್ಟರೆ ಸಾಲದು, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಳಗೆ ಒಬ್ಬರು ಪೈಪಿನ ಬುಡದಲ್ಲಿ ನಿಂತಿರಲಿ, ಇನ್ನೊಬ್ಬರು ದಂಬೆಯ ಅಡಿಯಲ್ಲಿ ನಡೆಯುತ್ತಾ ಎಲ್ಲಿ ಹನಿಯುತ್ತದೆ ಅಂತ ನೋಡಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಮಕ್ಕಳಿಗೆ ಈ ಕೆಲಸ ಕೊಡಿ, ಬಹಳ ಖುಷಿಯಿಂದ ಮಾಡುತ್ತಾರೆ. ನೀರು ಹೋದ ಮೇಲೆ ಹತ್ತಿ ನೋಡಿ. ನಡುವೆ ಎಲ್ಲಾದರೂ ನಿಂತಿದ್ದರೆ ಅಲ್ಲಿ ದಂಬೆ ಇಳಿದಿದೆ ಅಂತ ಅರ್ಥ, ಅದನ್ನು ಹಿಡಿದ ಕ್ಲ್ಯಾಂಪು ಸಡಿಲವಾಗಿರುತ್ತದೆ ಅಥವಾ ಮೊಳೆ ಹೊಡೆದ ಹಲಗೆ ಕೊಳೆತಿರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಹಲಗೆಯನ್ನು ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಅಲ್ಲಿಗೆ ಹೊಸ ಮೊಳೆ ಹೊಡೆದು ಪ್ರಯೋಜನವಿಲ್ಲ, ಹಲಗೆಯನ್ನೇ ಬದಲಿಸಬೇಕು.

ಇಳಿಜಾರು ಎಷ್ಟು ಬೇಕು? 10 ಅಡಿಗೆ ಅರ್ಧ ಇಂಚು. 30 ಅಡಿಯ ದಂಬೆಯಾದರೆ ಈ ತುದಿಯಿಂದ ಆ ತುದಿಗೆ ಒಂದೂವರೆ ಇಂಚು ಇಳಿದಿರಬೇಕು. ಕಣ್ಣಂದಾಜು ನಂಬಬೇಡಿ. ಮೇಸ್ತ್ರಿಗಳು ಬಳಸುವ ಲೆವೆಲ್ ಟ್ಯೂಬಿನಲ್ಲಿ ನೀರು ತುಂಬಿಸಿ ಎರಡು ತುದಿಗೆ ಹಿಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕ್ಲ್ಯಾಂಪುಗಳ ನಡುವೆ ಎರಡು ಅಡಿಗಿಂತ ಜಾಸ್ತಿ ಅಂತರ ಬೇಡ, ನಮ್ಮ ಮಳೆಯ ಭಾರಕ್ಕೆ ಅದಕ್ಕಿಂತ ದೂರ ಇಟ್ಟರೆ ದಂಬೆ ಬಗ್ಗುತ್ತದೆ.

ನೀರು ಸುರಿದಾಗ ಮೇಲೆ ತುಂಬಿ ಕೆಳಗೆ ಬರದಿದ್ದರೆ ಪೈಪು ಕಟ್ಟಿದೆ, ಹೆಚ್ಚಾಗಿ ಬೆಂಡಿನಲ್ಲಿ. ಮೇಲಿಂದ ಕೋಲು ಹಾಕಿ ಕುಟ್ಟಿದರೆ ಕಸ ಇನ್ನೂ ಬಿಗಿಯಾಗುತ್ತದೆ. ಕೆಳಗಿನ ಬಾಯಿಯಿಂದ ನೀರಿನ ಪೈಪು ಮೇಲಕ್ಕೆ ತೂರಿಸಿ ನೀರು ಬಿಡಿ, ಅದಕ್ಕೂ ಬಿಡದಿದ್ದರೆ ಬೆಂಡನ್ನು ಬಿಚ್ಚಿ ತೆಗೆಯಿರಿ. ಅದಕ್ಕಾಗಿಯೇ ಬೆಂಡಿಗೆ ಸಾಲ್ವೆಂಟ್ ಹಾಕಿ ಅಂಟಿಸಬಾರದು, ಸ್ಕ್ರೂ ಹಾಕಿ ನಿಲ್ಲಿಸಿದರೆ ಸಾಕು. ಸಾಧ್ಯವಿದ್ದರೆ 3 ಇಂಚಿನ ಬದಲು 4 ಇಂಚಿನ ಪೈಪು ಹಾಕಿಸಿ, ಖರ್ಚಿನಲ್ಲಿ ವ್ಯತ್ಯಾಸ ಸಣ್ಣದು, ಕಟ್ಟುವುದು ಬಹಳ ಕಡಿಮೆಯಾಗುತ್ತದೆ.

ತೂತು ಮುಚ್ಚುವುದು

ಗುರುತು ಹಾಕಿದ ಜಾಗ ಪೂರ್ತಿ ಒಣಗಿದ ಮೇಲೆ, ಅಂದರೆ ಮಾರನೇ ದಿನ ಬಿಸಿಲಿನಲ್ಲಿ, ಎರಡೂ ಬದಿ ಎರಡೆರಡು ಇಂಚು ಉಪ್ಪುಕಾಗದ ಹಾಕಿ ಉಜ್ಜಿ ಒರೆಸಿ. ಸಣ್ಣ ತೂತಿಗೆ ಎಂ-ಸೀಲ್ (ಕಲಸಿ ಹಚ್ಚುವ ಎಪಾಕ್ಸಿ ಅಂಟು) ಒಳಬದಿಯಿಂದ ಹಚ್ಚಿ. ಜಾಯಿಂಟ್ ಬಿಟ್ಟಿದ್ದರೆ ಸಿಲಿಕಾನ್. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕಾನ್ ಅಂತಲೇ ಕೇಳಿ. ವಿನೆಗರಿನ ಹಾಗೆ ಹುಳಿ ವಾಸನೆ ಬರುವ ಸಾಧಾರಣ ಸಿಲಿಕಾನ್ ಜಿಐ ತಗಡಿನ ಸತುವನ್ನು ತಿನ್ನುತ್ತದೆ. ಸಿಮೆಂಟ್ ಹಚ್ಚುವುದು ಬೇಡ. ಸಿಮೆಂಟು ಬಗ್ಗುವುದಿಲ್ಲ, ಬಿಸಿಲಿಗೆ ತಗಡು ಹಿಗ್ಗಿದ ಕೂಡಲೇ ಬಿಡುತ್ತದೆ, ಹಸಿ ಸಿಮೆಂಟು ಸತುವಿಗೂ ಅಲ್ಯೂಮಿನಿಯಮ್ಮಿಗೂ ಒಳ್ಳೆಯದಲ್ಲ.

ಪಿವಿಸಿ ದಂಬೆ ಇದ್ದವರಿಗೆ ಒಂದು ಮಾತು. ಬಿಸಿಲಿಗೂ ಮಳೆಗೂ 25 ಡಿಗ್ರಿ ವ್ಯತ್ಯಾಸ ಬಂದರೆ 10 ಮೀಟರ್ ಉದ್ದದ ಪಿವಿಸಿ ಸುಮಾರು ಒಂದೂವರೆ ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಎರಡು ತುದಿಯನ್ನೂ ಗೋಡೆಗೆ ಬಿಗಿದು ಅಂಟಿಸಿದರೆ ಎಲ್ಲಾದರೂ ಒಂದು ಕಡೆ ಬಿರಿಯಲೇಬೇಕು. ಒಂದು ತುದಿ ಸಡಿಲ ಇರಲಿ.

ಅಡಿಕೆ ಮರದ ದಂಬೆಯೇ ಇದ್ದರೆ ಕತ್ತಿಯ ತುದಿಯಿಂದ ಅಡಿಭಾಗ ಒತ್ತಿ ನೋಡಿ. ಮೆತ್ತಗಾಗಿದ್ದರೆ ಈ ಮಳೆಗಾಲಕ್ಕೆ ನಂಬಬೇಡಿ, ಬೇರೆ ಸೀಳಿಸಿ.

ತೋಟ ಮನೆಗೆ ಅಂಟಿಕೊಂಡೇ ಇರುವವರು ಗಮನಿಸಬೇಕಾದ್ದು ಬೋರ್ಡೋ. ಅದರಲ್ಲಿ ಮೈಲುತುತ್ತು ಇದೆ, ಅಂದರೆ ತಾಮ್ರ. ಸಿಂಪಡಿಸುವಾಗ ಗಾಳಿಗೆ ಮಾಡಿನ ಮೇಲೂ ಬೀಳುತ್ತದೆ, ಅಲ್ಲಿಂದ ತೊಳೆದು ದಂಬೆಗೆ ಬರುತ್ತದೆ. ತಾಮ್ರ ಸೇರಿದ ನೀರು ಜಿಐ ತಗಡನ್ನು ಬೇಗ ತಿನ್ನುತ್ತದೆ. ಸಿಂಪಡಣೆ ಆದ ಮೇಲೆ ದಂಬೆಗೆ ಒಮ್ಮೆ ನೀರು ಹಾಯಿಸಿ ತೊಳೆಯಿರಿ, ಆ ನೀರು ಬಾವಿಗೆ ಹೋಗದಂತೆ ನೋಡಿಕೊಳ್ಳಿ.

ಜಾಲರಿ ಹಾಕಬೇಕಾ?

ಉದ್ದಕ್ಕೂ ಜಾಲರಿ ಮುಚ್ಚಿದರೆ ಮತ್ತೆ ಹತ್ತುವುದೇ ಬೇಡ ಅಂತ ಹೇಳಿ ಮಾರುತ್ತಾರೆ. ನನ್ನ ಅನುಭವದಲ್ಲಿ ಅಡಿಕೆ ತೋಟದ ಮಧ್ಯದ ಮನೆಗೆ ಅದು ಸರಿ ಹೊಂದುವುದಿಲ್ಲ. ಹಿಂಗಾರದ ಎಳೆಗಳು ಜಾಲರಿಯ ಕಣ್ಣಿಗೆ ಹೆಣೆದುಕೊಂಡು ಚಾಪೆಯ ಹಾಗೆ ಆಗುತ್ತವೆ, ನೀರು ಅದರ ಮೇಲೆಯೇ ಹರಿದು ಅಂಗಳಕ್ಕೆ ಬೀಳುತ್ತದೆ. ಗುಲ್‌ಮೊಹರ್‌ನಂಥ ಪುಟಾಣಿ ಎಲೆಯ ಮರ, ಗಾಳಿಮರ ಇದ್ದರೂ ಇದೇ ಕತೆ. ಮಾವು, ಹಲಸು, ತೇಗದಂಥ ದೊಡ್ಡ ಎಲೆ ಮಾತ್ರ ಬೀಳುವ ಮನೆಗೆ ಪರವಾಗಿಲ್ಲ. ಅದಕ್ಕಿಂತ ಪೈಪಿನ ಬಾಯಿಗೆ ಮಾತ್ರ ಉಂಡೆಯಾಕಾರದ ಜಾಲರಿ ಇಡುವುದು ಮೇಲು. ಕೋಳಿಗೂಡಿಗೆ ಹಾಕುವ ತಂತಿ ಬಲೆಯ ತುಂಡನ್ನು ತೆಂಗಿನಕಾಯಿ ಗಾತ್ರಕ್ಕೆ ಉಂಡೆ ಮಾಡಿ ಬಾಯಿಗೆ ಸಿಕ್ಕಿಸಿದರೆ ಆಯಿತು. ಎಲೆ ಬುಡದಲ್ಲಿ ಕಟ್ಟಿದರೂ ನೀರು ಮೇಲಿಂದ ಇಳಿಯುತ್ತದೆ.

ಕೆಳಗೆ ಬಿದ್ದ ನೀರು

ಪೈಪಿನ ಬಾಯಿ ಪಂಚಾಂಗದ ಬುಡಕ್ಕೇ ಬಿಡಬೇಡಿ. ಕನಿಷ್ಠ ನಾಲ್ಕೈದು ಅಡಿ ದೂರಕ್ಕೆ ಪೈಪು ಉದ್ದ ಮಾಡಿ ಅಥವಾ ಕಲ್ಲು ಹಾಸಿದ ಕಣಿಗೆ ಸೇರಿಸಿ. ಬಾವಿಗೋ ಟ್ಯಾಂಕಿಗೋ ಬಿಡುವವರು ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲೆ ಮರಳು ಜಲ್ಲಿಯ ಸೋಸುತೊಟ್ಟಿಯ ಮೂಲಕ ತಿರುಗಿಸಿ.

ಆಟಿಯಲ್ಲಿ, ಮತ್ತೆ ದೀಪಾವಳಿ ಕಳೆದು

ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆಗ ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದಾಗ ಮಾಡು ಹತ್ತುವುದು ಬೇಡ, ಏಣಿಯಲ್ಲೇ ನಿಂತು ಪೈಪಿನ ಬಾಯಿ, ಒಳಮೂಲೆ ಇವೆರಡನ್ನು ಮಾತ್ರ ನೋಡಿ. ದಂಬೆಯಲ್ಲಿ ನೀರು ನಿಂತಿದ್ದರೆ ಅವತ್ತೇ ಬಿಡಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರುವುದಕ್ಕೆ ಹೆಚ್ಚೆಂದರೆ ಹತ್ತು ದಿನ ಸಾಕು, ಅದಕ್ಕೆ ಬೇಕಾದ್ದು ಇಂಥ ಅಂಗೈ ಆಳದ ನಿಂತ ನೀರೇ. ಆರೋಗ್ಯ ಇಲಾಖೆಯವರು ಡ್ರಮ್ಮು, ಟಯರು ನೋಡುತ್ತಾರೆ, ಸೂರಿನ ಮೇಲೆ ಯಾರೂ ಹತ್ತಿ ನೋಡುವುದಿಲ್ಲ, ಅದನ್ನು ಮನೆಯವರೇ ನೋಡಬೇಕು.

ಉಳಿದ ದಿನಗಳಲ್ಲಿ ಕಿವಿ ಸಾಕು. ಜೋರು ಮಳೆಯಲ್ಲಿ ಒಂದೊಂದು ಪೈಪಿಗೂ ಒಂದೊಂದು ಸದ್ದು ಇದೆ. ನಮ್ಮ ಅಮ್ಮ ಈಗಲೂ ಅಡುಗೆ ಮನೆಯಲ್ಲಿ ಕೂತಲ್ಲಿಂದಲೇ ಯಾವ ಪೈಪು ಕಟ್ಟಿತು ಅಂತ ಹೇಳುತ್ತಾರೆ. ಧೋ ಅನ್ನುತ್ತಿದ್ದದ್ದು ಗುಳುಗುಳು ಅನ್ನತೊಡಗಿದರೆ ಕಸ ಬಂದು ಕೂತಿದೆ. ಮಳೆ ಜೋರಾಗಿದ್ದೂ ಸದ್ದು ನಿಂತಿದ್ದರೆ ಒಳಗಿನ ಗೋಡೆ ಮುಟ್ಟಿ ನೋಡಿ.

ದೀಪಾವಳಿ ಕಳೆದು ಹಿಂಗಾರು ಮಳೆಯೂ ಕಡಿಮೆಯಾದ ಮೇಲೆ ಕೊನೆಯ ಸಲ ಹತ್ತಿ. ಹಸಿ ಕಸ ತೆಗೆದು ದಂಬೆಯನ್ನು ಒಣಗಲು ಬಿಡಿ. ಒದ್ದೆ ಎಲೆ ಆರು ತಿಂಗಳು ತಗಡಿನ ಮೇಲೆ ಕೂತರೆ ಮಳೆಗಿಂತ ಹೆಚ್ಚು ಹಾಳು ಮಾಡುವುದು ಅದೇ. ತುಕ್ಕು ಕಂಡ ಜಾಗಕ್ಕೆ ಉಪ್ಪುಕಾಗದ ಹಾಕಿ, ಮೊದಲು ಪ್ರೈಮರ್, ಮಾರನೇ ದಿನ ಬಣ್ಣ. ಅಡಿಕೆ ದಂಬೆಯಾದರೆ ಬಿಚ್ಚಿ, ತೊಳೆದು, ನೆರಳಿನಲ್ಲಿ ಒಣಗಿಸಿ ಅಟ್ಟಕ್ಕೆ ಹಾಕಿ. ನೆಲಕ್ಕೆ ಇಟ್ಟರೆ ಗೆದ್ದಲು ಬಿಡುವುದಿಲ್ಲ. ಯಾವ ದಂಬೆ ಯಾವ ಬದಿಯದ್ದು ಅಂತ ತುದಿಯಲ್ಲಿ ಬಣ್ಣದಿಂದ ಬರೆದಿಡಿ, ಮುಂದಿನ ಪತ್ತನಾಜೆಗೆ ಕಟ್ಟುವಾಗ ಅಳತೆ ಹುಡುಕುವ ಕೆಲಸ ಇರುವುದಿಲ್ಲ.